ಶಾರದತ್ತೆ ತಿದ್ದದೆ ಉಳಿಸಿದ ಸಾಲು

ಕಳೆದ ಮಳೆಗಾಲದ ಕೊನೆಯಲ್ಲಿ ಮಗಳ ಯಾವುದೋ ಅರ್ಜಿಯ ಕೆಲಸಕ್ಕೆ ಬೇಲಾಪುರಕ್ಕೆ ಹೋಗಿದ್ದೆ. ಸರ್ಕಾರಿ ಕಚೇರಿಗಳ ಸಾಲಿನ ಹೊರಗೆ, ಮರದ ಕೊಂಬೆಗೆ ನೀಲಿ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಮುದುಕರೊಬ್ಬರು ಇನ್ನೂ ಟೈಪ್‌ರೈಟರಿನಲ್ಲಿ ಅರ್ಜಿ ಹೊಡೆದುಕೊಡುತ್ತಿದ್ದರು. ಮಗಳ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚು ಬಿತ್ತು. ಅವರು ಕಿಸೆಯಿಂದ ಪುಟ್ಟ ಬಾಟಲಿ ತೆಗೆದು, ಮುಚ್ಚಳಕ್ಕೇ ಅಂಟಿಕೊಂಡಿದ್ದ ಕುಂಚದಿಂದ ಆ ಅಕ್ಷರದ ಮೇಲೆ ಬಿಳಿ ಬಳಿದು, ಬಾಯಿಂದ ಊದಿ ಒಣಗಿಸಿದರು. ನೀವೂ ಆ ಕಾಲದವರಾದರೆ ಆ ವಾಸನೆ ನಿಮಗೆ ಗೊತ್ತಿರುತ್ತದೆ. ಉಗುರು ಬಣ್ಣದ್ದೂ ಅಲ್ಲ, ಹಣ್ಣಿನದ್ದೂ ಅಲ್ಲ. ಮೂಗಿನ ಮೇಲ್ತುದಿಗೆ ತಟ್ಟಿ ಕಣ್ಣು ಸಣ್ಣದಾಗುವಂಥ ಒಂದು ಸಿಹಿಯಾದ ಘಾಟು. ಮುದುಕರು “ಮೇಡಂ, ಪುಢೆ ಕಾಯ್ ಲಿಹೂ?” ಎಂದು ಎರಡು ಸಲ ಕೇಳಿದರಂತೆ, ಮುಂದೇನು ಬರೆಯಲಿ ಎಂದು. ನನಗೆ ಕೇಳಿಸಲಿಲ್ಲ. ಅಷ್ಟರಲ್ಲಿ ನಾನು ಹತ್ತು ವರ್ಷದವಳಾಗಿ, ಡೊಂಬಿವಲಿಯ ನಮ್ಮ ಹಳೆಯ ಮನೆಯ ಅಡುಗೆಕೋಣೆಯ ಹೊಸ್ತಿಲಲ್ಲಿ ಹಿಂದಕ್ಕೆ ತಲೆಕೊಟ್ಟು ಕೂತಿದ್ದೆ. ಶಾರದತ್ತೆ ನನ್ನ ಕೂದಲಿನ ಸಿಕ್ಕು ಬಿಡಿಸುತ್ತಿದ್ದರು. ಅವರ ಬೆರಳುಗಳಿಂದ ಅದೇ ವಾಸನೆ ಬರುತ್ತಿತ್ತು.

ಶಾರದತ್ತೆ ಎಂದರೆ ಅಪ್ಪನ ತಂಗಿ. ಉಡುಪಿಯ ಕಡೆಯಿಂದ ಅಪ್ಪ ಮೊದಲು ಬಂದು ಠಾಣೆ ಪಟ್ಟಣದ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆದ ಮೇಲೆ, ಅಜ್ಜಿ ತೀರಿಕೊಂಡ ವರ್ಷ, ತಂಗಿಯನ್ನೂ ಕರೆತಂದರು. ಡೊಂಬಿವಲಿ ಪೂರ್ವದಲ್ಲಿ, ಠಾಕುರ್ಲಿಯ ದಿಕ್ಕಿಗೆ, ರೈಲುಹಳಿಯ ಪಕ್ಕದ ಮೂರಂತಸ್ತಿನ ಕಟ್ಟಡದಲ್ಲಿ ನಮ್ಮದು ಎರಡನೆಯ ಮಹಡಿ. ಒಂದು ಕೋಣೆ, ಒಂದು ಅಡುಗೆಕೋಣೆ, ಉದ್ದಕ್ಕೆ ಎಲ್ಲರಿಗೂ ಸೇರಿದ ಗ್ಯಾಲರಿ. ವೇಗದ ಗಾಡಿ ಹೋದಾಗ ಅಮ್ಮನ ಸ್ಟೀಲ್ ಲೋಟಗಳು ಕಪಾಟಿನಲ್ಲಿ ಸಣ್ಣಗೆ ಕಿಣಿಗುಟ್ಟುತ್ತಿದ್ದವು. ಅತ್ತೆ ಟೈಪಿಂಗು, ಶಾರ್ಟ್‌ಹ್ಯಾಂಡು ಕಲಿತು ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಪಂಪುಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಸ್ಟೆನೊ ಆಗಿದ್ದರು. ಬೆಳಿಗ್ಗೆ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ನಿಂತು ಠಾಣೆ, ಅಲ್ಲಿಂದ ಬಸ್ಸು. ಸಂಜೆ ಏಳೂಕಾಲಿಗೆ ಮೆಟ್ಟಿಲಲ್ಲಿ ಅವರ ಚಪ್ಪಲಿಯ ಸದ್ದು ಕೇಳಿದ ಕೂಡಲೇ ಅಮ್ಮ ಚಹಾಕ್ಕೆ ನೀರಿಡುತ್ತಿದ್ದರು. ಅತ್ತಿಗೆ, ನಾದಿನಿ ಒಂದೇ ವಯಸ್ಸಿನವರು. ಇಬ್ಬರೂ ಒಂದೇ ತಟ್ಟೆಯಲ್ಲಿ ಅವಲಕ್ಕಿ ಹಾಕಿಕೊಂಡು ಕಿಟಕಿಯ ಬಳಿ ಕೂತು, ದಿನದ ಸುದ್ದಿಯನ್ನು ಅರ್ಧ ತುಳುವಿನಲ್ಲಿ, ಅರ್ಧ ಕನ್ನಡದಲ್ಲಿ ಮುಗಿಸುತ್ತಿದ್ದರು.

ಕಾರ್ಖಾನೆಯ ಸಾಹೇಬರು ಒಳ್ಳೆಯ ಮನುಷ್ಯ, ಆದರೆ ಅವರ ಇಂಗ್ಲಿಷು ಅವರದ್ದೇ ಆಗಿತ್ತು. ‘ಡಿಸ್ಕಸ್ ಅಬೌಟ್’ ಎಂದು ಅವರು ಬರೆಸಿದರೆ ಅತ್ತೆಯ ಕಾಗದದಲ್ಲಿ ‘ಅಬೌಟ್’ ಇರುತ್ತಿರಲಿಲ್ಲ. ‘ರಿಟರ್ನ್ ಬ್ಯಾಕ್’ ಎಂದರೆ ‘ಬ್ಯಾಕ್’ ದಾರಿಯಲ್ಲೇ ಬಿದ್ದುಹೋಗುತ್ತಿತ್ತು. ಹನ್ನೆರಡು ವರ್ಷ ಸಾಹೇಬರು ಆ ಪತ್ರಗಳಿಗೆ ಸಹಿ ಹಾಕಿದರು. ತಮ್ಮ ಇಂಗ್ಲಿಷ್ ಬಹಳ ಸೊಗಸು ಎಂದೇ ಅವರಿಗೆ ನಂಬಿಕೆ. “ಹೇಳುದಿಲ್ವಾ ಅವರಿಗೆ?” ಎಂದು ಅಮ್ಮ ಕೇಳಿದರೆ ಅತ್ತೆ, “ತಿದ್ದಿದ್ದು ತಿದ್ದಿಸಿಕೊಂಡವರಿಗೆ ಗೊತ್ತಾಗ್ಬಾರ್ದು ಅತ್ತಿಗೆ. ಗೊತ್ತಾದ್ರೆ ಅದು ಬೈದ ಹಾಗೆ” ಎನ್ನುತ್ತಿದ್ದರು.

ಆದರೆ ಮನೆಯಲ್ಲಿ ಅವರ ಕೈ ಕೇಳುತ್ತಿರಲಿಲ್ಲ. ಮೊಂಡಾದ ಒಂದು ಸೀಸದ ಪೆನ್ಸಿಲ್ ಸದಾ ತುರುಬಿನಲ್ಲಿ ಸಿಕ್ಕಿಕೊಂಡಿರುತ್ತಿತ್ತು. ಮದುವೆಯ ಕರೆಯೋಲೆ, ಶಾಲೆಯ ಸುತ್ತೋಲೆ, ಔಷಧಿಯ ಪೊಟ್ಟಣದೊಳಗಿನ ಚೀಟಿ, ಯಾವುದು ಕೈಗೆ ಬಂದರೂ ಪೆನ್ಸಿಲ್ ಇಳಿಯುತ್ತಿತ್ತು. ಬಹಳ ಹಗುರ ಗೀಟು. ರಬ್ಬರಿನಿಂದ ಒಮ್ಮೆ ಉಜ್ಜಿದರೆ ಹೋಗುವಂಥದ್ದು. ಶಾಯಿಯಿಂದ ಎಂದೂ ತಿದ್ದುತ್ತಿರಲಿಲ್ಲ. ಆದಿತ್ಯವಾರ ಬೆಳಿಗ್ಗೆ ಕಟ್ಟಡದ ಏಳೆಂಟು ಮಕ್ಕಳು ಗ್ಯಾಲರಿಯಲ್ಲಿ ಚಾಪೆ ಹಾಕಿ ಅವರ ಸುತ್ತ ಕೂರುತ್ತಿದ್ದೆವು. ನಾವು ವಾರವಿಡೀ ಆಡಿದ ತಪ್ಪುಗಳನ್ನು ಅವರು ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದರು. ‘ಮೈ ಹೆಡ್ ಈಸ್ ಪೇನಿಂಗ್’, ‘ಓಪನ್ ದ ಲೈಟ್’, ‘ಟುಡೇ ಮಾರ್ನಿಂಗ್’, ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’. ತಪ್ಪು ಎಂದು ಮಾತ್ರ ಹೇಳಿ ಬಿಡುವವರಲ್ಲ ಅವರು. ಅದು ಎಲ್ಲಿಂದ ಬಂತು ಎಂದು ಹುಡುಕಬೇಕಿತ್ತು. “ಇವತ್ತು ಬೆಳಿಗ್ಗೆ ಅಂತ ನಾವು ಹೇಳ್ತೇವಲ್ಲ, ಅದೇ ಒಳಗಿಂದ ಇಣುಕುದು. ಇಂಗ್ಲಿಷ್ ಅಂಗಿ ಹಾಕಿದ್ರೂ ಒಳಗೆ ಇರುದು ನಮ್ಮದೇ ಮೈ.” ಪಕ್ಕದ ಮನೆಯ ಲೇಲೆ ಕಾಕು ತೊಗರಿಬೇಳೆ ಆರಿಸುತ್ತ ಎಲ್ಲ ಕೇಳಿಸಿಕೊಂಡು, “ಅಗಂ ಶಾರದಾ, ತ್ಯಾಂನಾ ಕಳಲಂ ನಾ? ಝಾಲಂ ಮಗ” ಎಂದು ನಗುತ್ತಿದ್ದರು. ಕೇಳಿದವರಿಗೆ ಅರ್ಥವಾಯಿತಲ್ಲ, ಅಷ್ಟಾದರೆ ಸಾಕಲ್ಲ ಎಂದು. ಅತ್ತೆಯೂ ನಗುತ್ತಿದ್ದರು. ನನಗೆ ಮಾತ್ರ ಸಿಟ್ಟು ಬರುತ್ತಿತ್ತು. ಆಗ ನನಗೆ ಹತ್ತು ವರ್ಷ. ಆ ಚಾಪೆಯ ಮೇಲೆ ಎಲ್ಲರಿಗಿಂತ ಮೊದಲು ತಪ್ಪು ಹಿಡಿಯುವವಳು ನಾನು. ಅತ್ತೆ ನನ್ನ ಕಡೆ ನೋಡಿ ಹುಬ್ಬೆತ್ತಿದರೆ ಆ ವಾರವೆಲ್ಲ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಅತ್ತೆಗೆ ಮೂವತ್ತೊಂದಾಗಿತ್ತು. ಜಾತಕ, ಬಣ್ಣ, ‘ಕೆಲಸಕ್ಕೆ ಹೋಗುವ ಹುಡುಗಿ’ ಹೀಗೆ ಒಂದೊಂದು ಸಲ ಒಂದೊಂದು ಕಾರಣಕ್ಕೆ ಸಂಬಂಧಗಳು ತಪ್ಪಿದ್ದವು. ಆ ವರ್ಷ ಪರಿಚಯದ ಭಟ್ಟರೊಬ್ಬರು ವಾಶಿಯಿಂದ ಒಂದು ಸಂಬಂಧ ತಂದರು. ಹೆಸರು ರಘುನಾಥ. ಕಾರ್ಕಳದ ಕಡೆಯವರು, ವಾಶಿಯ ಸಗಟು ಮಾರುಕಟ್ಟೆಯಲ್ಲಿ ಈರುಳ್ಳಿಯ ದೊಡ್ಡ ವ್ಯಾಪಾರಿಯೊಬ್ಬರ ಗೋದಾಮು ನೋಡಿಕೊಳ್ಳುತ್ತಿದ್ದರು. ತಾಯಿ ಇಲ್ಲದ ಅವರನ್ನು ಸಾಕಿದ್ದು ಅಕ್ಕ; ಆಕೆಯ ಸಂಸಾರದ ಜೊತೆಗೇ ಇದ್ದರು. ಅಕ್ಕನೊಂದಿಗೆ ನಮ್ಮ ಮನೆಗೆ ಬಂದ ದಿನ ಅವರು ಆಡಿದ್ದು ನಾಲ್ಕು ಮಾತು. ಅದರಲ್ಲಿ ಒಂದು, ರೈಲಿನ ಸದ್ದಿಗೆ ಲೋಟಗಳು ಕಿಣಿಗುಟ್ಟಿದಾಗ, “ಇದು ಚಂದ ಉಂಟು” ಎಂದದ್ದು. ಅವರು ಹೋದ ಮೇಲೆ ಅತ್ತೆ ಲೋಟ ತೊಳೆಯುತ್ತ ಬಹಳ ಹೊತ್ತು ನಿಂತಿದ್ದರು.

ಕೆಲವು ವಾರಗಳ ನಂತರ ಅವರಿಂದ ಕಾಗದ ಬಂತು, ಅತ್ತೆಯ ಹೆಸರಿಗೆ, ಇಂಗ್ಲಿಷಿನಲ್ಲಿ. ಹುಡುಗಿ ಇಂಗ್ಲಿಷ್ ಸ್ಟೆನೊ ಎಂದು ಕೇಳಿದ್ದ ಆ ಮನುಷ್ಯ ಅವರ ಸಮಕ್ಕೆ ನಿಂತು ಬರೆಯಬೇಕೆಂದುಕೊಂಡಿರಬೇಕು. ಅತ್ತೆ ಕಿಟಕಿಯ ಬಳಿ ಕೂತು ಓದಿದರು. ಓದುತ್ತ ಓದುತ್ತ ಕೈ ತುರುಬಿಗೆ ಹೋಯಿತು. ‘ಮೈ ಮದರ್ ಈಸ್ ಎಕ್ಸ್‌ಪೈರ್ಡ್’ ಎಂಬಲ್ಲಿ ಒಂದು ಗೀಟು, ‘ಯು ಆರ್ ಹ್ಯಾವಿಂಗ್ ಗುಡ್ ನೇಚರ್’ ಎಂಬಲ್ಲಿ ಒಂದು, ‘ನೋಬಡಿ ವಿಲ್ ಸ್ಟಾಪ್ ಯು ಟು ಗೋ ಟು ಸರ್ವಿಸ್’ ಎಂಬಲ್ಲಿ ಎರಡು. ಮುಖದಲ್ಲಿ ನಗು ಇತ್ತು. ತಮಾಷೆಯ ನಗುವಲ್ಲ, ಯಾರೋ ಬಡಿಸಿದ್ದನ್ನು ನಿಧಾನಕ್ಕೆ ತಿನ್ನುವಾಗ ಇರುತ್ತದಲ್ಲ, ಅಂಥದ್ದು. ಆಮೇಲೆ ಒಂದು ಲಕೋಟೆಗೆ ಅವರ ವಿಳಾಸ ಬರೆದು, ಅಂಚೆಚೀಟಿ ಹಚ್ಚಿ, ಕಾಗದದೊಂದಿಗೆ ಕಪಾಟಿನ ಮೇಲಿಟ್ಟರು. ಉತ್ತರ ಬರೆದಿರಲಿಲ್ಲ. ಎರಡು ದಿನ ಬರೆಯಲಿಲ್ಲ. ಬರೆಯಲು ಕೂತು, ಪೆನ್ನು ತೆರೆದು, ಮತ್ತೆ ಮುಚ್ಚಿ ಎದ್ದು ಹೋಗುವುದನ್ನು ನಾನು ನೋಡಿದ್ದೆ.

ಮೂರನೆಯ ಬೆಳಿಗ್ಗೆ ಅತ್ತೆ ಕೆಲಸಕ್ಕೆ ಹೋದ ಮೇಲೆ ನಾನು ಆ ಕಾಗದ ತೆಗೆದು ಓದಿದೆ. ಎಲ್ಲ ತಿದ್ದಿತ್ತು. ಆದರೆ ಎರಡನೆಯ ಪುಟದ ಕೆಳಗೆ ‘ಐ ಆ್ಯಮ್ ಲೈಕಿಂಗ್ ಯು ಫ್ರಮ್ ದಟ್ ಡೇ’ ಎಂಬ ಸಾಲು ಹಾಗೇ ಉಳಿದಿತ್ತು. ಅತ್ತೆಯ ಕಣ್ಣು ತಪ್ಪಿಸಿಕೊಂಡ ತಪ್ಪು! ನನಗಾದ ಖುಷಿ ಇಂದಿಗೂ ನೆನಪಿದೆ. ಶಾಲೆಯ ಶಾಯಿಪೆನ್ನು ತೆಗೆದು ‘ಆ್ಯಮ್’ ಹೊಡೆದೆ, ‘ಇಂಗ್’ ಹೊಡೆದೆ, ಬದಿಯಲ್ಲಿ ನಮ್ಮ ಟೀಚರ್ ಬರೆಯುವ ಹಾಗೆಯೇ ‘ಕೇರ್‌ಲೆಸ್ ಮಿಸ್ಟೇಕ್’ ಎಂದು ಬರೆದು ಅಡಿಗೆರೆ ಎಳೆದೆ. ತಿದ್ದಿದ ಪುಸ್ತಕ ಬರೆದವರಿಗೆ ಹಿಂದಿರುಗಬೇಕು ಎನ್ನುವುದು ನನಗೆ ಗೊತ್ತಿದ್ದ ನಿಯಮ. ಲಕೋಟೆ ಇದಕ್ಕೇ ಸಿದ್ಧವಾಗಿದೆ, ಹಾಕಲು ಅತ್ತೆಗೆ ಪುರುಸೊತ್ತಾಗಿಲ್ಲ ಎಂದುಕೊಂಡೆ. ಕಾಗದವನ್ನು ಅದರೊಳಗಿಟ್ಟು, ಅನ್ನದ ಅಗುಳು ಹಚ್ಚಿ ಅಂಟಿಸಿ, ಶಾಲೆಗೆ ಹೋಗುವಾಗ ಸ್ಟೇಶನ್ ಹತ್ತಿರದ ಅಂಚೆಡಬ್ಬಿಗೆ ಹಾಕಿದೆ.

ಸಂಜೆ ಅತ್ತೆ ಕಪಾಟು ತಡಕಿದಾಗ ನಾನೇ ಮುಂದೆ ಹೋಗಿ ಹೇಳಿದೆ, ಬಹುಮಾನ ಕೇಳುವವಳ ಹಾಗೆ.

“ನಾನು ಪೋಸ್ಟ್ ಮಾಡಿದೆ ಅತ್ತೆ. ನೀವು ಒಂದು ತಪ್ಪು ಬಿಟ್ಟಿದ್ರಿ, ಅದನ್ನೂ ಸರಿ ಮಾಡಿದೆ.”

“ಯಾವುದು?”

ಹೇಳಿದೆ. ಬದಿಯಲ್ಲಿ ಬರೆದದ್ದನ್ನೂ ಹೇಳಿದೆ. ಅತ್ತೆ ಅಲ್ಲೇ ಮಂಚದ ಅಂಚಿನಲ್ಲಿ ಕೂತರು. ಅಮ್ಮ ಅಡುಗೆಕೋಣೆಯಿಂದ ಹೊರಗೆ ಬಂದು, ನಾದಿನಿಯ ಮುಖ ನೋಡಿ, ನನ್ನ ತೋಳು ಹಿಡಿದೆಳೆದು ಕೈ ಎತ್ತಿದರು. ಅತ್ತೆ ತಡೆದರು.

“ಬಿಡಿ ಅತ್ತಿಗೆ. ಅವಳಿಗೆ ಕಲಿಸಿದ್ದು ನಾನೇ ಅಲ್ವಾ?” ಆಮೇಲೆ ನನ್ನ ಕಡೆ ತಿರುಗಿ ಬಹಳ ಮೆಲ್ಲಗೆ ಹೇಳಿದರು: “ಅದು ಬಿಟ್ಟದ್ದಲ್ಲ ಪುಟ್ಟಿ. ಇಟ್ಟದ್ದು.”

ನನಗೆ ಅರ್ಥವಾಗಲಿಲ್ಲ. ಆದರೆ ಆ ಸಂಜೆ ಅವರು ನನ್ನ ಕೂದಲು ಬಾಚಲಿಲ್ಲ.

ಒಂದು ವಾರ ಕಳೆಯುವುದರೊಳಗೆ ಭಟ್ಟರು ಬಂದರು. ಕಾಗದ ಮೊದಲು ಸಿಕ್ಕಿದ್ದು ರಘುನಾಥರ ಅಕ್ಕನ ಕೈಗೆ. ಕಾಲೇಜಿಗೆ ಹೋಗುವ ಅವರ ಮಗಳು ಅದನ್ನು ಎಲ್ಲರೆದುರು ಓದಿ ಹೇಳಿದ್ದಳು. ಭಟ್ಟರು ಚಹಾ ಕುಡಿಯದೆ ನೆಲ ನೋಡುತ್ತ, “‘ನಮ್ಮ ತಮ್ಮನಿಗೆ ನಾವು ಹೆಣ್ಣು ನೋಡಿದ್ದು, ಟೀಚರಮ್ಮನನ್ನಲ್ಲ’ ಅಂತ ಹೇಳಿದ್ರು. ನಾನೆಂತ ಹೇಳುದು?” ಎಂದರು. ಅವರು ಹೋದ ಮೇಲೆ ಅಪ್ಪ ಅಂಗಿಯ ಗುಂಡಿ ಬಿಚ್ಚುತ್ತ, ಹಾಕುತ್ತ, “ಇನ್ನು ಭಟ್ರ ಎದುರು ಯಾವ ಮುಖ ಇಟ್ಕೊಂಡು ನಿಲ್ಲುದು?” ಎಂದು ಗೋಡೆಗೆ ಕೇಳಿದರು.

“ವಾಶಿಗೆ ನಾನೇ ಹೋಗಿ ಬರ್ತೇನೆ ಅಣ್ಣ” ಎಂದರು ಅತ್ತೆ. “ಆಗುದು ಬಿಡುದು ಬೇರೆ. ಅವರಿಗೆ ಹಾಗೆ ಅನ್ನಿಸಿದ್ದು ಹಾಗೇ ಉಳೀಬಾರ್ದು.”

ಹೆಂಗಸು ಒಬ್ಬಳೇ ಹೋದರೆ ಚೆನ್ನಾಗಿ ಕಾಣುವುದಿಲ್ಲ ಎಂದು ನನ್ನನ್ನು ಜೊತೆಗೆ ಕರೆದುಕೊಂಡರು. ಠಾಣೆಯ ತನಕ ಲೋಕಲ್, ಅಲ್ಲಿಂದ ಬಸ್ಸು. ಸಮುದ್ರದ ಹಿನ್ನೀರು ನುಗ್ಗುವ ಖಾಡಿಯ ಕೆಸರಿನ ವಾಸನೆ, ಆಮೇಲೆ ಕಾರ್ಖಾನೆಗಳ ರಾಸಾಯನಿಕದ ವಾಸನೆ, ಕೊನೆಗೆ ಮಾರುಕಟ್ಟೆ ಹತ್ತಿರ ಬರುತ್ತಿದ್ದಂತೆ ಗಾಳಿಯೆಲ್ಲ ಈರುಳ್ಳಿ. ಸಾಲು ಸಾಲು ಲಾರಿಗಳ ನಡುವೆ ಕೆಂಪು ಸಿಪ್ಪೆ ಕಾಲಿಗೆ ಹತ್ತಿಕೊಳ್ಳುತ್ತಿತ್ತು. ಗೋದಾಮಿನ ಮೂಲೆಯಲ್ಲಿ ಹಲಗೆಯಿಂದ ಮಾಡಿದ ಪುಟ್ಟ ಕೋಣೆಯಲ್ಲಿ ರಘುನಾಥ ಕೂತಿದ್ದರು. ನಮ್ಮನ್ನು ಕಂಡು ಗಡಬಡಿಸಿ ಎದ್ದು, ಹೆಗಲ ಟವೆಲಿನಿಂದ ಕುರ್ಚಿ ಒರೆಸಿದರು. ಅತ್ತೆ ಕೂರಲಿಲ್ಲ.

“ಅದು ನಿಮಗೆ ಕಳಿಸ್ಲಿಕ್ಕೆ ಅಂತ ಮಾಡಿದ್ದಲ್ಲ. ಕಾಗದ ಕೈಗೆ ಬಂದ್ರೆ ಪೆನ್ಸಿಲ್ ತನ್ನಷ್ಟಕ್ಕೆ ಓಡ್ತದೆ ನಂಗೆ. ಕೆಟ್ಟ ಅಭ್ಯಾಸ. ತಪ್ಪಾಯ್ತು.”

ಅವರು ಟವೆಲು ಮಡಚಿದರು, ಬಿಡಿಸಿದರು. “ಪೆನ್ಸಿಲಿನದ್ದಕ್ಕೆ ನಂಗೆ ಬೇಜಾರಿಲ್ಲ. ನಾನು ಕನ್ನಡ ಮೀಡಿಯಂ. ಡಿಕ್ಷನರಿ ಇಟ್ಕೊಂಡು ಮೂರು ಆದಿತ್ಯವಾರ ಬರೆದದ್ದು ಅದು. ತಿದ್ದುವವರು ಸಿಕ್ಕಿದ್ರೆ ಒಳ್ಳೇದೇ. ಆದ್ರೆ ಒಂದು ಸಾಲು ಡಿಕ್ಷನರಿ ನೋಡದೆ ಬರ್ದಿದ್ದೆ. ಅದಕ್ಕೇ ಕೇರ್‌ಲೆಸ್ ಅಂತ ಬಂತಲ್ಲ...”

“ಅದು ನಾನು ಬರ್ದದ್ದು” ಎಂದೆ ನಾನು. “ಅತ್ತೆ ಅಲ್ಲ.”

ಅವರು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿ, ಮೊಣಕಾಲು ಮಡಚಿ ನನ್ನ ಎತ್ತರಕ್ಕೆ ಕೂತರು. “ಹೌದಾ? ಎಂತ ತಪ್ಪು ಅದ್ರಲ್ಲಿ, ಹೇಳು ನೋಡುವ.”

“ಲೈಕ್‌ಗೆ ಐಎನ್‌ಜಿ ಬರುದಿಲ್ಲ. ಐ ಲೈಕ್ ಅಂತ ಬರೀಬೇಕು.”

ಅವರು ನಿಜವಾಗಿ ಯೋಚಿಸಿದರು. “ಐ ಲೈಕ್ ಅಂತ ಬಾಳೆಹಣ್ಣಿಗೂ ಹೇಳ್ಬಹುದಲ್ಲ ಮಗಾ. ಇದು ಹಾಗಲ್ಲ. ಆ ದಿನದಿಂದ ಆಗ್ತಾ ಉಂಟು, ಇನ್ನೂ ಮುಗೀಲಿಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಹೇಗೆ ಹೇಳುದು?”

ಅತ್ತೆಯ ಮುಖ ನೋಡಿದೆ. ಅವರು ಹೊರಗೆ ಮೂಟೆ ಇಳಿಸುವವರನ್ನು ನೋಡುತ್ತಿದ್ದರು.

“ಅದನ್ನು ಹೇಳ್ಲಿಕ್ಕೆ ಇಂಗ್ಲಿಷಿನಲ್ಲಿ ಬೇರೆ ದಾರಿ ಇಲ್ಲ” ಎಂದರು ಅತ್ತೆ, ಕಣ್ಣು ಅತ್ತಲೇ ಇಟ್ಟು. “ನೀವು ಬರೆದ ಹಾಗೇ ಬರೀಬೇಕು.”

ಆಗ ಅತ್ತೆ ಕುರ್ಚಿಯಲ್ಲಿ ಕೂತರು. ಚಹಾ ಬಂತು, ನನಗೆ ಬಿಸ್ಕೆಟ್ ಬಂತು. ಅವರಿಬ್ಬರೂ ಏನು ಮಾತಾಡಿದರು ಎಂದು ಬಹಳ ನೆನಪಿಲ್ಲ. ಮಳೆ, ರೈಲು, ಊರಿನ ಗದ್ದೆ, ಇಂಥವೇ. ನಾವು ಹೊರಡುವಾಗ ರಘುನಾಥ, “ಅಕ್ಕನ ಹತ್ರ ಹೇಳಿ ನೋಡ್ತೇನೆ. ಅವಳು ಹೂಂ ಅನ್ನದೆ ನಾನು ಏನೂ ಮಾಡುವ ಹಾಗಿಲ್ಲ. ಅಮ್ಮನ ಜಾಗದಲ್ಲಿ ಇದ್ದವಳು” ಎಂದರು. ಹಿಂದಿರುಗುವ ಬಸ್ಸಿನಲ್ಲಿ ಅತ್ತೆ ಕಿಟಕಿಗೆ ಮುಖವಿಟ್ಟು ಏನೋ ಗುನುಗುತ್ತಿದ್ದರು. ಅವರು ಹಾಡುವುದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಕ್ಕ ಒಪ್ಪಲಿಲ್ಲ. ನವರಾತ್ರಿ ಕಳೆಯಿತು, ದೀಪಾವಳಿ ಕಳೆಯಿತು. ಏಳೂಕಾಲಿಗೆ ಮೆಟ್ಟಿಲು ಹತ್ತಿ ಬಂದ ಅತ್ತೆ, ಸುದ್ದಿ ಬಂತೇ ಎಂದು, ಮೊದಲು ಅಮ್ಮನ ಮುಖ ನೋಡುತ್ತಿದ್ದರು, ಅಮ್ಮ ಇಲ್ಲವೆಂದು ತಲೆಯಾಡಿಸುತ್ತಿದ್ದರು, ಆಮೇಲೆ ಚಪ್ಪಲಿ ಬಿಚ್ಚುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ ರಘುನಾಥರಿಗೆ ಊರ ಕಡೆಯ ಹುಡುಗಿಯೊಂದಿಗೆ ಮದುವೆಯಾಯಿತೆಂದು ಭಟ್ಟರಿಂದಲೇ ತಿಳಿಯಿತು. ಅತ್ತೆ “ಒಳ್ಳೇದಾಯ್ತು” ಎಂದು ಹೇಳಿ, ಒಣಗಿದ ಬಟ್ಟೆ ತರಲು ಗ್ಯಾಲರಿಗೆ ಹೋದರು. ಬಟ್ಟೆ ತರಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ಅಮ್ಮ ನನ್ನನ್ನು ಹಿಂದೆ ಹೋಗಗೊಡಲಿಲ್ಲ.

ಮತ್ತೆ ಸಂಬಂಧ ನೋಡಬೇಡಿ ಎಂದು ಅವರು ಅಪ್ಪನಿಗೆ ಹೇಳಿದರು. ಆದಿತ್ಯವಾರದ ಚಾಪೆ ಮುಂದುವರಿಯಿತು, ಹೊಸ ಮಕ್ಕಳು ಬಂದರು. ನನ್ನ ಹತ್ತನೆಯ ಪರೀಕ್ಷೆಗೆ ರಜೆ ಹಾಕಿ ಕಲಿಸಿದರು. ನನ್ನ ಮೇಲಿನ ಪ್ರೀತಿಯಲ್ಲಿ ಒಂದು ಎಳೆಯೂ ಕಡಿಮೆಯಾಗಲಿಲ್ಲ. ಆದರೆ ಕೇಳದೆ ಯಾರದ್ದನ್ನೂ ಅವರು ತಿದ್ದುವುದು ನಿಂತುಹೋಯಿತು. ಕರೆಯೋಲೆಗಳು ಬಂದವು, ಹೋದವು. ‘ಕಾರ್ಡಿಯಲಿ ಇನ್‌ವೈಟ್ಸ್’ ಎಂಬುದು ಹೇಗಿದ್ದರೂ ಅವರು ದಿನಾಂಕ ಮಾತ್ರ ಓದಿ ಬದಿಗಿಡುತ್ತಿದ್ದರು. ತುರುಬಿನಲ್ಲಿ ಪೆನ್ಸಿಲ್ ಇಲ್ಲದ ಅತ್ತೆಯನ್ನು ನೋಡಿ ಲೇಲೆ ಕಾಕು ಒಮ್ಮೆ ಏನೋ ಕೇಳಹೊರಟು ಸುಮ್ಮನಾದರು. ನಾನು ಆ ಸುಮ್ಮನಿರುವಿಕೆಯ ಒಳಗೇ ಬೆಳೆದೆ.

ವಿಚಿತ್ರವೆಂದರೆ ನನಗೆ ಸಿಕ್ಕಿದ್ದೂ ತಿದ್ದುವ ಕೆಲಸವೇ. ಠಾಣೆಯ ಒಂದು ತರಬೇತಿ ಕೇಂದ್ರದಲ್ಲಿ ಕೆಲಸ ಹುಡುಕುವ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಮಾತು ಕಲಿಸುತ್ತೇನೆ. ಕಲ್ಯಾಣದಿಂದ ಬರುವ ಒಬ್ಬಳು ಮೊದಲ ದಿನ ಎದ್ದು ನಿಂತು ತನ್ನ ಪರಿಚಯ ಹೇಳುತ್ತ, ‘ಮೈ ಫಾದರ್ ಈಸ್ ನೋ ಮೋರ್ ಸಿನ್ಸ್ ಟೂ ಇಯರ್ಸ್ ಬ್ಯಾಕ್’ ಎಂದಳು. ತರಗತಿ ನನ್ನ ಕಡೆ ನೋಡಿತು. ಏನಾಗಿತ್ತು ಅವರಿಗೆ ಎಂದು ಕೇಳಿದೆ. ಅವಳು ಹಿಂದಿಯಲ್ಲಿ, ಮರಾಠಿಯಲ್ಲಿ, ಮುರುಕು ಇಂಗ್ಲಿಷಿನಲ್ಲಿ ಹೇಳಿದಳು. ಆ ವಾಕ್ಯವನ್ನು ಸರಿ ಮಾಡಿದ್ದು ತಿಂಗಳಾದ ಮೇಲೆ, ಬೇರೆ ಯಾವುದೋ ಉದಾಹರಣೆಯ ನೆವದಲ್ಲಿ. ಅವಳದ್ದೆಂದು ಅವಳಿಗೇ ಗೊತ್ತಾಗದ ಹಾಗೆ.

ಅಪ್ಪ, ಅಮ್ಮ ಇಬ್ಬರೂ ಹೋದ ಮೇಲೆ ಅತ್ತೆ ಆ ಮನೆಯಲ್ಲಿ ಒಬ್ಬರೇ ಇದ್ದರು. ನಮ್ಮಲ್ಲಿಗೆ ಬನ್ನಿ ಎಂದರೆ ರೈಲಿನ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದರು. ವಾರಕ್ಕೊಮ್ಮೆ ಹೋಗುತ್ತಿದ್ದೆ. ಅಂಥ ಒಂದು ಸಂಜೆ, ಒಲೆಯ ಮೇಲೆ ಹಾಲಿಟ್ಟು ಇಬ್ಬರೂ ಕೂತಿದ್ದಾಗ, ನಲವತ್ತು ದಾಟಿದ ನಾನು ಕೊನೆಗೂ ಕೇಳಿದೆ.

“ಅತ್ತೆ, ನಿಮ್ಮ ಮದುವೆ ತಪ್ಪಿದ್ದು ನನ್ನಿಂದ ಅಲ್ವಾ?”

ಸುಮ್ಮನೆ ಸಮಾಧಾನ ಹೇಳುವವರಲ್ಲ ಅವರು.

“ಒಂದು ಕಾಗದಕ್ಕೆ ಮುರಿಯುವ ಸಂಬಂಧ ಹೇಗೂ ಮುರೀತಿತ್ತು ಅಂತ ಹೇಳಿದ್ರೆ ನಿಂಗೆ ಹಗುರ ಆಗ್ತದೆ. ಆದ್ರೆ ಅದು ಸುಳ್ಳು. ಅವರು ಒಳ್ಳೆಯವರು. ಆಗ್ಬಹುದಿತ್ತು.” ಬೆರಳಿನಿಂದ ಸೀರೆಯ ಅಂಚು ತೀಡಿದರು. “ಬೇಜಾರು ಇತ್ತು ಪುಟ್ಟಿ. ಬಹಳ ವರ್ಷ ಇತ್ತು. ನಿನ್ನ ಮೇಲೆ ಅಲ್ಲ. ಹತ್ತು ವರ್ಷದ ಮಗುವಿಗೆ ತಪ್ಪು ಹುಡುಕ್ಲಿಕ್ಕೆ ಕಲಿಸಿದೆ, ಎಲ್ಲಿ ಸುಮ್ಮನಿರ್ಬೇಕು ಅಂತ ಕಲಿಸ್ಲಿಲ್ಲ. ಅದು ನನ್ನ ಲೆಕ್ಕ.” ನಾನು ಅಳುತ್ತಿದ್ದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, “ಹೋಗು, ಹಾಲು ಇಳಿಸು. ಉಕ್ಕುತ್ತದೆ” ಎಂದರು.

ಅದಾಗಿ ಮೂರು ವರ್ಷಕ್ಕೆ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಬಾಗಿಲು ತಟ್ಟಿ ನೋಡಿದ್ದು ಲೇಲೆ ಕಾಕುವಿನ ಸೊಸೆ. ಈಗ ಕಟ್ಟಡವೂ ಇಲ್ಲ. ಹಳೆಯದನ್ನು ಕೆಡವಿ ಇಪ್ಪತ್ತೆರಡು ಮಹಡಿಯದ್ದು ಕಟ್ಟುತ್ತಿದ್ದಾರೆ. ಹಳಿಯ ಪಕ್ಕದಲ್ಲಿ ನೀಲಿ ತಗಡಿನ ಬೇಲಿ, ಒಳಗೆ ಒಂದು ಕ್ರೇನು. ನಮ್ಮ ಎರಡನೆಯ ಮಹಡಿ ಇದ್ದ ಎತ್ತರದಲ್ಲಿ ಕಾರು ನಿಲ್ಲಿಸುತ್ತಾರಂತೆ.

ಮೊನ್ನೆ ಮಗಳೊಂದಿಗೆ ಕಲ್ಯಾಣದ ಒಂದು ಮದುವೆಗೆ ಹೊರಟಿದ್ದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಡೊಂಬಿವಲಿ ಬಿಟ್ಟ ಕೂಡಲೇ ಜನರನ್ನು ಸರಿಸಿಕೊಂಡು ಅವಳನ್ನು ಬಾಗಿಲ ಬಳಿ ಎಳೆದೆ. “ನೋಡು, ಅಲ್ಲಿ ನಮ್ಮ ಮನೆ ಇತ್ತು. ಅತ್ತೆ ಅಲ್ಲೇ ಕೂರ್ತಿದ್ದದ್ದು, ಕಿಟಕಿಯ ಹತ್ರ” ಎಂದೆ. ಅವಳು ಕಿವಿಯಿಂದ ಇಯರ್‌ಫೋನಿನ ತಂತಿ ತೆಗೆದು, ಕಣ್ಣಿಗೆ ಬಿದ್ದ ಬಿಸಿಲಿಗೆ ಕೈ ಅಡ್ಡ ಹಿಡಿದು, “ಕುಠೇ, ಆಯಿ?”, ಎಲ್ಲಮ್ಮಾ, ಎಂದು ನಿಜವಾಗಿ ಹುಡುಕಿದಳು. ತೋರಿಸಲು ನಾನು ಕೈ ಚಾಚುವಷ್ಟರಲ್ಲಿ ಗಾಡಿ ಠಾಕುರ್ಲಿ ದಾಟಿತ್ತು.